ಒಂಬತ್ತನೇ ಫ್ಲಾಟಿನ ಕಿಟಕಿ

ಕಿಟಕಿಯ ಕಡೆ ನೋಡಬಾರದು ಎಂದುಕೊಂಡೇ ದ್ವಾರಕಾನಾಥ್ ಗಡ್ಡ ಹೆರೆದುಕೊಳ್ಳುತ್ತಿದ್ದ. ಬಚ್ಚಲಿನ ಆ ಕಿಟಕಿ ಕನ್ನಡಿಯ ಬಲಕ್ಕೆ, ಭುಜದ ಎತ್ತರಕ್ಕಿತ್ತು. ಮಬ್ಬುಗಾಜಿನ ಬಾಗಿಲನ್ನು ಒಂದು ಗೇಣು ಹೊರಕ್ಕೆ ತಳ್ಳಿದರೆ ಸಾಕು, ಕೆಳಗಿನ ಮಹಡಿಯ ಆರನೇ ಫ್ಲಾಟಿನ ಹಿಂಬಾಲ್ಕನಿ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಕಾಣುತ್ತಿತ್ತು. ಕೆಂಪು ದಾರ, ಮೂರು ಮರದ ಕ್ಲಿಪ್ಪು, ನೀಲಿ ಪ್ಲಾಸ್ಟಿಕ್ ಸ್ಟೂಲು. ನೋಡದಿದ್ದರೂ ಕಾಣುತ್ತಿತ್ತು, ಅದೇ ಕಷ್ಟ. ಇವತ್ತು ಶನಿವಾರ, ನಾಲ್ಕು ಗಂಟೆಗೆ ಕಮಿಟಿ ಮೀಟಿಂಗು. ನೈರೋಬಿಯ ವೆಸ್ಟ್‌ಲ್ಯಾಂಡ್ಸಿನ ಈ ಹದಿನಾಲ್ಕು ಫ್ಲಾಟಿನ ಕಟ್ಟಡದಲ್ಲಿ ಬಾಡಿಗೆ ಕರಾರು ಮುಂದುವರಿಯಬೇಕಾದರೆ ಕಮಿಟಿಯ ಒಪ್ಪಿಗೆ ಬೇಕು. ಆರನೇ ಫ್ಲಾಟಿನ ಮುದುಕಿಯ ಮೇಲೆ ದೂರು ಬಂದಿದೆ. ಕಮಿಟಿ ದೂರನ್ನು ಒಪ್ಪಿದರೆ ತಿಂಗಳ ಕೊನೆಗೆ ಅವಳು ಮನೆ ಬಿಡಬೇಕು. ದೂರಿಗೆ ಸಹಿ ಇಲ್ಲ. ಗೇಟಿನ ಪಕ್ಕದ ಸಲಹಾ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಪೆಟ್ಟಿಗೆಯ ಬೀಗದ ಕೈ ಸೆಕ್ರೆಟರಿಯ ಹತ್ತಿರ, ಸೆಕ್ರೆಟರಿ ದ್ವಾರಕಾನಾಥ್. ಹನ್ನೆರಡು ದಿನದ ಹಿಂದೆ ಬ್ಯಾಂಕಿನ ಪ್ರಿಂಟರಿನಲ್ಲಿ ಅದನ್ನು ಅಚ್ಚುಹಾಕಿ, ನಾಲ್ಕಾಗಿ ಮಡಿಸಿ, ಪೆಟ್ಟಿಗೆಯೊಳಗೆ ಬಿಟ್ಟವನೂ ಅವನೇ. ಮಾರನೇ ದಿನ ಅಧ್ಯಕ್ಷ ರುಡಾಲ್ಫನ ಎದುರಿಗೆ ಬೀಗ ತೆಗೆದು, ಹುಬ್ಬೇರಿಸಿ, 'ಏನ್ರೀ ಇದು?' ಎಂದು ಗಟ್ಟಿಯಾಗಿ ಓದಿದವನೂ ಅವನೇ.

ಓದುವಾಗ ಧ್ವನಿ ನಡುಗಿರಲಿಲ್ಲ. ಅದನ್ನು ನೆನೆಸಿಕೊಂಡು ಕನ್ನಡಿಯೊಳಗಿನ ಮುಖ ಸ್ವಲ್ಪ ಹೆಮ್ಮೆಪಟ್ಟಿತು. ಹೆಮ್ಮೆಪಟ್ಟದ್ದಕ್ಕೆ ಅದೇ ಮುಖದ ಮೇಲೆ ಅಸಹ್ಯವಾಯಿತು. ಅಸಹ್ಯವೇನೂ ಅವನಿಗೆ ಹೊಸದಲ್ಲ. ಈ ಕಟ್ಟಡದಲ್ಲಿ ತನಗೆ ಅಸಹ್ಯವಾಗದ ಒಬ್ಬ ಮನುಷ್ಯನನ್ನು ಅವನು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಅಧ್ಯಕ್ಷ ರುಡಾಲ್ಫ್, ಮಂಗಳೂರಿನವನು, ಕ್ಲಿಯರಿಂಗ್ ಏಜೆನ್ಸಿ ಇಟ್ಟುಕೊಂಡವನು, ತನ್ನ ಹೊಟ್ಟೆಯ ಮೇಲೆ ತಾನೇ ಜೋಕು ಮಾಡಿ ತಾನೇ ಮೊದಲು ನಗುವವನು. ಅವನ ಹೆಂಡತಿ ಜೆಸ್ವಿಟಾ, ಪ್ರತಿ ಮಾತಿಗೂ ಎದುರಿನವರ ಮೊಣಕೈ ಮುಟ್ಟುವವಳು. ನಾಲ್ಕನೇ ಫ್ಲಾಟಿನ ಚೇತನ್, ಟೆಲಿಕಾಂ ಕಂಪನಿಯ ಹುಡುಗ, ಸಾವಿನ ಮನೆಗೂ ಓಟದ ಬೂಟಿನಲ್ಲೇ ಹೋಗುವ ಜಾತಿ. ಇವರೆಲ್ಲರ ಮೇಲೆ ಕಳಶವಿಟ್ಟ ಹಾಗೆ ಆರನೇ ಫ್ಲಾಟಿನ ಎಡ್ನಾ ಕ್ವಾನ್. ಎಪ್ಪತ್ತನಾಲ್ಕು ವರ್ಷ, ಮುಖ ಚೀನಾದ್ದು, ಬಾಯಿ ಅಮೆರಿಕದ ದಕ್ಷಿಣದ್ದು. ಮಾತಾಡಿದರೆ ಪ್ರತಿ ಸ್ವರವನ್ನೂ ಜೇನಿನಲ್ಲಿ ಅದ್ದಿ ಎಳೆಯುವಂಥ ಇಂಗ್ಲಿಷು. ಮಿಸಿಸಿಪ್ಪಿ ನದಿಯ ದಂಡೆಯ ಯಾವುದೋ ಹತ್ತಿ ಬೆಳೆಯುವ ಊರಿನಲ್ಲಿ ಅವಳಪ್ಪನ ಕಿರಾಣಿ ಅಂಗಡಿಯಿತ್ತಂತೆ. ಗಂಡ ಬೇಸಾಯದ ವಿಜ್ಞಾನಿ, ನೈರೋಬಿಗೆ ಕೆಲಸದ ಮೇಲೆ ಬಂದು ಮೂರು ವರ್ಷದ ಹಿಂದೆ ಇಲ್ಲೇ ಸತ್ತ. ಅವಳು ವಾಪಸು ಹೋಗಲಿಲ್ಲ. ಬಸ್ ಸ್ಟಾಪಿನಲ್ಲಿ ಮಟಾಟು ವ್ಯಾನಿನ ಕಂಡಕ್ಟರುಗಳು ಅವಳನ್ನು ಕಂಡು 'ನಿ ಹಾವ್, ನಿ ಹಾವ್' ಎಂದು ಚೀನೀ ನಮಸ್ಕಾರ ಕೂಗುತ್ತಾರೆ. ಹಿಂದೆ ಇದ್ದ ಕಾವಲಿನ ಅಸ್ಕಾರಿಯೊಬ್ಬ, ಗೇಟು ತೆಗೆಯುತ್ತ, ಅಮ್ಮಾ ಎನ್ನುವ ಹಾಗೆ 'ಮಾಮಾ, ನಿಮ್ಮವರು ಕಟ್ಟಿದ ಆ ಮೇಲ್ಸೇತುವೆ ರಸ್ತೆಯ ಟೋಲು ಯಾವಾಗ ಕಮ್ಮಿ ಮಾಡ್ತಾರೆ?' ಎಂದು ಕೇಳಿದ್ದ. ಅವಳು ನಗಲಿಲ್ಲ, ಸಿಟ್ಟಾಗಲಿಲ್ಲ. 'ವಿಚಾರಿಸ್ತೀನಿ ಮಗು' ಎಂದಳು. ಆ ಉತ್ತರ ಕೇಳಿ ದ್ವಾರಕಾನಾಥನಿಗೆ ಮೈ ಉರಿದಿತ್ತು. ಯಾವ ಊರಿನವಳೂ ಅಲ್ಲ ಎಂದು ಎರಡು ಖಂಡಗಳು ಸೇರಿ ಹೇಳುತ್ತಿರುವಾಗ ಇಷ್ಟು ಸಮಾಧಾನದಿಂದ ಇರುವುದಕ್ಕೆ ಇವಳಿಗೆ ಏನು ಹಕ್ಕು? ಅವನನ್ನೂ ಜನ 'ಮುಹಿಂಡಿ', ಇಂಡಿಯಾದವನು, ಎನ್ನುತ್ತಾರೆ. ಅವನು ಪ್ರತಿ ಸಲವೂ ಒಳಗೇ ಹಲ್ಲು ಕಚ್ಚುತ್ತಾನೆ. ಅದು ಮರ್ಯಾದಸ್ಥರ ರೀತಿ.

ಆದರೆ ದೂರು ಬರೆದದ್ದು ಅದಕ್ಕಲ್ಲ. ಯುಗಾದಿಯ ದಿನ ಕೆಳಗಿನ ಅಂಗಳದಲ್ಲಿ ಎಲ್ಲರೂ ಸೇರಿ ಅಡುಗೆ ಮಾಡುವುದೆಂದಾಗಿತ್ತು. ಕುಂಬಳಕಾಯಿ ಹೆಚ್ಚುವವರಿಲ್ಲದೆ ಹೆಂಗಸರು ಒದ್ದಾಡುತ್ತಿದ್ದರು. ದ್ವಾರಕಾನಾಥ್ 'ಕೊಡಿ ಇಲ್ಲಿ' ಎಂದು ಚಾಕು ತೆಗೆದುಕೊಂಡ. ಕೈ ತಾನೇ ಹೋಯಿತು. ಕಾಯನ್ನು ಮಗ್ಗುಲಾಗಿ ಮಲಗಿಸಿ, ತೊಟ್ಟಿನ ಕಡೆ ಮೊದಲ ಏಟು, ಬೀಜವನ್ನು ಹೆಬ್ಬೆರಳಲ್ಲಿ ಒಂದೇ ಸುತ್ತಿಗೆ ತೆಗೆದು, ಹೋಳು ಒಂದರ ಹಾಗೆ ಇನ್ನೊಂದು, ಐವತ್ತು ಜನಕ್ಕೆ ಆಗುವಷ್ಟು, ಹತ್ತು ನಿಮಿಷ. ಎಡ್ನಾ ಕ್ವಾನ್ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. 'ಮಿಸ್ಟರ್ ನಾಥ್, ನಿಮ್ಮ ಮನೇಲಿ ಯಾರೋ ದೊಡ್ಡ ಅಡುಗೆ ಮಾಡ್ತಿದ್ರು. ನಿಮ್ಮಪ್ಪನೇ ಇರಬೇಕು. ಕೈಯಿಂದ ಕೈಗೇ ಬರೋ ವಿದ್ಯೆ ಇದು' ಎಂದಳು, ಮೆಚ್ಚಿಗೆಯಿಂದ, ಎಲ್ಲರಿಗೂ ಕೇಳುವ ಹಾಗೆ. ಜೆಸ್ವಿಟಾ ಅವಳ ಮೊಣಕೈ ಮುಟ್ಟಿ, 'ಅಯ್ಯೋ ಎಂತ ಹೇಳ್ತೀರಿ ನೀವು, ಇವರ ಅಪ್ಪ ಹೆಡ್‌ಮಾಸ್ಟರ್! ನಂಜನಗೂಡಲ್ಲಿ!' ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಅವನ ಹೆಂಡತಿ ಮೈಥಿಲಿ ಮಾತ್ರ ತೆಂಗಿನಕಾಯಿ ತುರಿಯುವುದನ್ನು ಒಂದು ಗಳಿಗೆ ನಿಲ್ಲಿಸಿ ಮತ್ತೆ ತುರಿದಳು. ಎಡ್ನಾ ಕ್ವಾನ್ ಅವನ ಮುಖ ನೋಡಿ, ಕಣ್ಣು ಕೆಳಗೆ ಮಾಡಿ, 'ಓ, ನಂದು ತಪ್ಪಾಯ್ತು, ವಯಸ್ಸಾಯ್ತಲ್ಲ' ಎಂದಳು. ಆ ಕಣ್ಣು ಕೆಳಗಾದದ್ದೇ ಅವನಿಗೆ ತಾಳಲಾಗಲಿಲ್ಲ. ಅವಳು ಕಂಡಿದ್ದಳು, ಕಂಡದ್ದನ್ನು ಮಡಿಸಿ ಒಳಗಿಟ್ಟುಕೊಂಡಿದ್ದಳು.

ಹೆಡ್‌ಮಾಸ್ಟರು ಹುಟ್ಟಿದ್ದು ಬೆಂಗಳೂರಿನ ಮೊದಲ ಬ್ಯಾಂಕಿನ ಅರ್ಜಿಯಲ್ಲಿ, ತಂದೆಯ ಉದ್ಯೋಗ ಎಂಬ ಖಾಲಿ ಗೆರೆಯ ಮೇಲೆ. ನಿಜವಾದ ಅಪ್ಪನನ್ನು ಅಡುಗೆ ಅನಂತಯ್ಯ ಎಂದು ಬರೆಯಲು ಅಲ್ಲಿ ಜಾಗ ಸಾಲುತ್ತಿರಲಿಲ್ಲ ಎಂದಲ್ಲ. ಆಮೇಲೆ ಎಲ್ಲ ಅರ್ಜಿಗಳಲ್ಲೂ ಹೆಡ್‌ಮಾಸ್ಟರೇ ಬಂದರು. ಕೀನ್ಯಾದ ಪರ್ಮಿಟ್ಟಿನ ಕಡತದಲ್ಲೂ ಅವರೇ ಕೂತಿದ್ದಾರೆ. ವರ್ಷ ಹೋದಂತೆ ಅವರಿಗೆ ಒಂದು ಹಸಿರು ಸೈಕಲ್ಲು ಬಂತು, ದಾರ ಕಟ್ಟಿದ ಕನ್ನಡಕ ಬಂತು, ಶಾಲೆಯ ಗಂಟೆಯನ್ನು ತಾವೇ ಹೊಡೆಯುವ ಅಭ್ಯಾಸ ಬಂತು. ರುಡಾಲ್ಫನಿಗೆ ಆ ಗಂಟೆಯ ಕತೆಯೆಂದರೆ ಬಹಳ ಇಷ್ಟ. ಅನಂತಯ್ಯನ ಮುಖ ಮಾತ್ರ ಈಚೆಗೆ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ವಾಸನೆ: ಇಂಗು, ಹೊಗೆ, ಕಾದ ಎಣ್ಣೆ, ಮದುವೆಮನೆಯ ಕೋಟೆ ಒಲೆಯ ಬೂದಿ. ಅದೇ ವಾಸನೆ ಇವನ ಶಾಲೆಯ ಅಂಗಿಗೂ ಇಳಿದಿತ್ತು. ಏಳನೇ ಕ್ಲಾಸಿನಲ್ಲಿ ಪಕ್ಕದ ಹುಡುಗ ಬೆಂಚಿನ ತುದಿಗೆ ಸರಿದು ಕೂತಿದ್ದ, ಏನೂ ಹೇಳದೆ. ಹೇಳಿದ್ದರೆ ಹೊಡೆಯಬಹುದಿತ್ತು. ಅದನ್ನು ಬಲ್ಲವನಾದ್ದರಿಂದಲೇ, ಒಬ್ಬ ಮನುಷ್ಯನನ್ನು ಮನೆ ಬಿಡಿಸಬೇಕಾದರೆ ಯಾವ ಮಾತು ಬರೆಯಬೇಕು ಎಂದು ದ್ವಾರಕಾನಾಥನಿಗೆ ಯೋಚಿಸಬೇಕಾಗಲಿಲ್ಲ. 'ಸಹಿಸಲಾಗದ ವಾಸನೆ' ಎಂದು ಶುರುಮಾಡಿದ್ದ.

'ರೀ, ಎಡ್ನಾ ಬಂದಿದ್ದಾರೆ. ನಿಮ್ಮನ್ನೇ ಕೇಳ್ತಿದಾರೆ' ಎಂದು ಮೈಥಿಲಿ ಬಚ್ಚಲ ಬಾಗಿಲು ತಟ್ಟಿದಳು. ಗಲ್ಲದ ಕೆಳಗೆ ಸ್ವಲ್ಪ ರಕ್ತ ಬಂತು.

ಅವಳು ಹೊಸ್ತಿಲ ಹೊರಗೇ ನಿಂತಿದ್ದಳು, ಕೈಯಲ್ಲಿ ದೂರಿನ ನಕಲು. ನಿಯಮದ ಪ್ರಕಾರ ಸೆಕ್ರೆಟರಿಯೇ ಕಳಿಸಿದ್ದು. ಇನ್ನೊಂದು ಕೈಯಲ್ಲಿ ಮೈಥಿಲಿಯ ಸ್ಟೀಲ್ ಡಬ್ಬಿ, ತೊಳೆದು ಒರೆಸಿದ್ದು, ಖಾಲಿ ಕೊಡಬಾರದೆಂದು ಒಳಗೆ ನಾಲ್ಕು ಪ್ಯಾಶನ್ ಹಣ್ಣು. ಮೈಥಿಲಿಗೆ ಗರ್ಭಕೋಶದ ಆಪರೇಷನ್ ಆದಾಗ ಆರು ದಿನ ಆಸ್ಪತ್ರೆಯಲ್ಲಿ ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕೂತವಳು ಇವಳೇ. ಇವನಿಗೆ ಆಗ ಆಡಿಟ್ಟಿತ್ತು. ಆ ಆರು ಮಧ್ಯಾಹ್ನಗಳೂ ಅವನ ಲೆಕ್ಕದಲ್ಲಿ ಅವಳ ಮೇಲಿನ ದೂರುಗಳೇ. 'ಮಿಸ್ಟರ್ ನಾಥ್, ಇದಕ್ಕೆ ನಾನು ಉತ್ತರ ಬರೀಬೇಕಂತೆ. ನನ್ನ ಕೈ ನಡುಗುತ್ತೆ. ನೀವು ಬರೆದುಕೊಡ್ತೀರಾ? ಹಾಗೇ ಅಡುಗೆಮನೆ ಒಂದು ಸಲ ಬಂದು ನೋಡಿ. ಸೆಕ್ರೆಟರಿ ನೋಡಿದ್ರು ಅಂದ್ರೆ ಸಾಕು.'

'ನಾನು ಕಮಿಟಿಯವನು. ಒಂದು ಕಡೆ ಸೇರೋ ಹಾಗಿಲ್ಲ' ಎಂದ.

'ಸೇರಬೇಡಿ. ನಾನು ಹೇಳಿದ್ದನ್ನ ಬರೀರಿ ಸಾಕು.'

ಮೈಥಿಲಿ, 'ಹೋಗಿ ಬನ್ನಿ, ಅದರಲ್ಲೇನು. ನಿಮ್ಮ ಹ್ಯಾಂಡ್‌ರೈಟಿಂಗು ಹೆಡ್‌ಮಾಸ್ಟರ ಹಂಗಿದೆ ಅಂತ ಎಲ್ಲರೂ ಹೇಳ್ತಾರಲ್ಲ' ಎಂದಳು. ತಮಾಷೆಯೋ ಚುಚ್ಚಿದ್ದೋ ತಿಳಿಯುವಷ್ಟರಲ್ಲಿ ಡಬ್ಬಿ ತೆಗೆದುಕೊಂಡು ಒಳಗೆ ಹೋಗಿದ್ದಳು.

ಆರನೇ ಫ್ಲಾಟಿನ ಒಳಗೆ ಅವನು ಈ ಮೊದಲು ಬಂದಿರಲಿಲ್ಲ. ಬರುವಾಗ ಮೂಗನ್ನು ಸಿದ್ಧಮಾಡಿಕೊಂಡು ಬಂದಿದ್ದ. ಮೂಗಿಗೆ ಸಿಕ್ಕಿದ್ದು ಸೋಪು, ಶುಂಠಿ, ಹಳೆಯ ಪುಸ್ತಕ. ನಿರಾಶೆಯಾಯಿತು. ಗೋಡೆಯ ಮೇಲೆ ಅಂಗಡಿಯ ಫೋಟೋ: ತಗಡಿನ ಸೂರು, ಮುಂದೆ ಏಪ್ರನ್ ಹಾಕಿದ ತೆಳ್ಳಗಿನ ಚೀನೀ ಗಂಡಸು, ಅವನ ಸುತ್ತ ಕಪ್ಪು ಜನರ ಮಕ್ಕಳು, ಎಲ್ಲರ ಕೈಯಲ್ಲೂ ಒಂದೊಂದು ಸೋಡಾ ಬಾಟಲಿ. ಹಿಂಬಾಲ್ಕನಿಯ ಬಾಗಿಲು ತೆರೆದಿತ್ತು. ಕೆಂಪು ದಾರದ ಮೇಲೆ ಎಲೆಗಳು ಸೊರಗಿ ತೂಗಾಡುತ್ತಿದ್ದವು. 'ಅದೇ ನೋಡಿ, ಪ್ರಾಣಿಯ ಅಂಗಾಂಗ' ಎಂದಳು. 'ಸುಕುಮಾ ಸೊಪ್ಪು. ಇದೇ ಸೊಪ್ಪು ನಮ್ಮೂರಲ್ಲೂ ಬೆಳೀತಿತ್ತು. ಅಮ್ಮನಿಗೆ ಚೀನಾದ ಸಾಸಿವೆ ಸೊಪ್ಪು ಸಿಗ್ತಿರಲಿಲ್ಲ. ಇದನ್ನೇ ಬಾಡಿಸಿ ಉಪ್ಪು ಹಾಕಿ ಜಾಡಿಗೆ ತುಂಬ್ತಿದ್ಲು. ಇಲ್ಲಿಗೆ ಬಂದು ಸಂತೇಲಿ ಇದನ್ನ ನೋಡಿ ಅಳು ಬಂತು ನನಗೆ.' ಸೊಪ್ಪೆಂಬುದು ದ್ವಾರಕಾನಾಥನಿಗೆ ಮೇಲಿನಿಂದಲೇ ಗೊತ್ತಿತ್ತು. 'ಗುರುತಿಸಲಾಗದ ಪ್ರಾಣಿಯ ಅಂಗಾಂಗ' ಎಂದು ಟೈಪು ಮಾಡುವಾಗ ಒಂದು ಬಗೆಯ ಸಂತೋಷವೇ ಆಗಿತ್ತು. ಈಗ ಅದೇ ಪದ ಆ ಎಳೆದೆಳೆದ ಉಚ್ಚಾರದಲ್ಲಿ ವಾಪಸು ಬಂದಾಗ, ತಾನು ಉಗುಳಿದ್ದನ್ನು ಯಾರೋ ಚೆಂದದ ಕರವಸ್ತ್ರದಲ್ಲಿ ಒರೆಸಿ ಕೊಟ್ಟ ಹಾಗಾಯಿತು.

ಮೇಜಿನ ಮುಂದೆ ಕುರ್ಚಿ ಎಳೆದು ಕೂರಿಸಿದಳು. ಬಿಸಿಲು ಕಣ್ಣಿಗೆ ಬೀಳುತ್ತದೆಂದು ಕೇಳದೆಯೇ ಪರದೆ ಸರಿಸಿದಳು. ಅವಳು ಹೇಳಿದಳು, ಅವನು ಬರೆದ. ಉತ್ತರ ಬಹಳ ಚಿಕ್ಕದು. ಮೀನಲ್ಲ, ಮಾಂಸವಲ್ಲ, ಸೊಪ್ಪು. ಯಾರಿಗಾದರೂ ತೊಂದರೆಯಾಗಿದ್ದರೆ ಕ್ಷಮೆಯಿರಲಿ. ಇನ್ನು ಮುಂದೆ ಒಳಗೇ ಒಣಗಿಸುತ್ತೇನೆ. ನನ್ನ ಗಂಡನನ್ನು ಹೂತಿರುವ ಜಾಗ ಇಲ್ಲಿಂದ ಒಂದು ಮಟಾಟುವಿನ ದೂರ, ಆದ್ದರಿಂದ ಈ ಮನೆಯಲ್ಲೇ ಇರಲು ಇಷ್ಟ. ಅಲ್ಲಿಗೆ ನಿಲ್ಲಿಸಿ, ಬರೆಯಬೇಡಿ ಎಂದು ಕೈಸನ್ನೆ ಮಾಡಿ, 'ನಮ್ಮೂರಲ್ಲಿ ಬಿಳಿಯರಿಗೆ ಒಂದು ಸ್ಮಶಾನ, ಕರಿಯರಿಗೆ ಒಂದು, ನಮಗೆ ಒಂದು. ಇಲ್ಲಿ ನನ್ನ ಗಂಡನ ಒಂದು ಪಕ್ಕ ಕಿಕುಯು ಟೀಚರು, ಇನ್ನೊಂದು ಪಕ್ಕ ಗೋವಾದ ದರ್ಜಿ. ಮಾತಿಗೆ ಜನ ಇದಾರೆ ಅವರಿಗೆ' ಎಂದು ನಕ್ಕಳು. ಆಮೇಲೆ ದೂರಿನ ಹಾಳೆಯನ್ನು ಎತ್ತಿಕೊಂಡು, ಕನ್ನಡಕವನ್ನು ನೆತ್ತಿಯಿಂದ ಮೂಗಿಗಿಳಿಸಿ, ನಿಧಾನವಾಗಿ ಓದತೊಡಗಿದಳು. 'ಕೆಂಪು ದಾರ, ಮೂರು ಮರದ ಕ್ಲಿಪ್ಪು... ನೀಲಿ ಸ್ಟೂಲು, ಅದರ ಒಂದು ಕಾಲಿಗೆ ಬಟ್ಟೆ ಸುತ್ತಿದೆ... ಬರೆದವರ ಕಣ್ಣು ಒಳ್ಳೇದಿದೆ ಮಿಸ್ಟರ್ ನಾಥ್.'

ಅವನು ಪೆನ್ನಿನ ಮುಚ್ಚಳ ಹಾಕಿದ. ತೆಗೆದ. ಬಾಲ್ಕನಿಗೆ ಎದೆಯೆತ್ತರದ ಗೋಡೆಯಿತ್ತು. ಸ್ಟೂಲಿನ ಕಾಲು ನೆಲದಿಂದ ಯಾರಿಗೂ ಕಾಣುವಂತಿರಲಿಲ್ಲ, ಪಕ್ಕದಿಂದಲೂ. ಹನ್ನೆರಡು ದಿನ ಇದು ಅವನಿಗೆ ಹೊಳೆದಿರಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಕಾಗದಗಳಲ್ಲಿ ತಪ್ಪು ಹಿಡಿದವನಿಗೆ!

'ನಮ್ಮಪ್ಪ ಅಮೆರಿಕಕ್ಕೆ ಬಂದದ್ದು ಹೇಗೆ ಗೊತ್ತಾ ನಿಮಗೆ?' ಎಂದಳು, ಹಾಳೆ ಮಡಿಸುತ್ತ. 'ಆಗ ಚೀನಾದವರನ್ನ ಒಳಗೆ ಬಿಡ್ತಿರಲಿಲ್ಲ. ಅಲ್ಲೇ ನೆಲೆಸಿದ್ದವರ ಮಕ್ಕಳಾದ್ರೆ ಮಾತ್ರ ಬಿಡ್ತಿದ್ರು. ಹಾಗಾಗಿ ಜನ ಮಗ ಅನ್ನೋ ಕಾಗದ ಕೊಂಡ್ಕೋತಿದ್ರು. ಅಪ್ಪ ಹದಿನಾರು ವರ್ಷಕ್ಕೆ ಯಾವನೋ ಕ್ವಾನ್ ಅನ್ನೋನ ಮಗ ಆದ. ಕಾಗದದ ಜೊತೆ ಒಂದು ಪುಸ್ತಕ ಕೊಡೋರು. ಕ್ವಾನ್ ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿ ಪೆಟ್ಟಿಗೆ ಯಾವ ಮೂಲೇಲಿ, ಬಾವಿ ಯಾವ ದಿಕ್ಕಿಗೆ. ಹಡಗಲ್ಲಿ ಬಾಯಿಪಾಠ ಮಾಡಿ, ದಡ ಕಾಣೋ ಮುಂಚೆ ಪುಸ್ತಕ ಸಮುದ್ರಕ್ಕೆ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ದ್ವೀಪದಲ್ಲಿ ಮೂರು ದಿನ ಪ್ರಶ್ನೆ ಕೇಳಿದರಂತೆ. ನಿನ್ನ ಕಿಟಕಿಯಿಂದ ಏನು ಕಾಣುತ್ತೆ? ಬಾವಿ ಎಲ್ಲಿದೆ? ಅಪ್ಪ ಹೆದರಿಕೇಲಿ ಪೂರ್ವ ಅಂದ. ಪುಸ್ತಕದಲ್ಲಿ ಪಶ್ಚಿಮ ಇತ್ತು. ಮಧ್ಯೆ ಒಬ್ಬ ಚೀನೀ ದುಭಾಷಿ ಇದ್ದ. ಆತ ಸಾಹೇಬನಿಗೆ ಪಶ್ಚಿಮ ಅಂತ ಹೇಳಿದ. ಅಷ್ಟೇ. ಅಪ್ಪನ್ನ ಒಳಗೆ ಬಿಟ್ಟರು.'

'ಪುಣ್ಯಾತ್ಮ' ಎಂದ ದ್ವಾರಕಾನಾಥ್. ಏನಾದರೂ ಅನ್ನಬೇಕಿತ್ತು.

'ಅಪ್ಪ ಸಾಯೋವರೆಗೂ ಆ ಮನುಷ್ಯನ್ನ ಬೈತಿದ್ದ.' ಅವಳು ಫೋಟೋ ಕಡೆ ನೋಡಿದಳು. 'ನಾನು ಮದುವೆಯಾದ ಮೇಲೂ ಹಟ ಮಾಡಿ ಅಪ್ಪನ ಹೆಸರೇ ಇಟ್ಕೊಂಡೆ. ಆಮೇಲೆ ಗೊತ್ತಾಯ್ತು, ಅದು ಅಪ್ಪಂದೂ ಅಲ್ಲ ಅಂತ. ಕೊನೇ ವರ್ಷ ಅಪ್ಪನಿಗೆ ಮರೆವು ಬಂತು. ಹುಟ್ಟಿದ ಮನೆ ಮರೆತೇ ಹೋಯ್ತು, ಅವನಮ್ಮನ ಹೆಸರೂ. ನೋಡದೇ ಇದ್ದ ಆ ಕ್ವಾನ್ ಮನೆ ಮಾತ್ರ ಒಂದೊಂದು ಮೆಟ್ಟಿಲೂ ನೆನಪಿತ್ತು. ಬಾವಿ ಹತ್ತಿರ ಕರ್ಕೊಂಡು ಹೋಗು ಅಂತ ಅಳೋನು.'

ಅವಳಿಗೆ ಗೊತ್ತಿದೆ ಎಂಬುದು ಆಗ ಅವನಿಗೆ ಖಂಡಿತವಾಯಿತು. ಗೊತ್ತಿದ್ದೇ ಕರೆದಿದ್ದಾಳೆ, ಅವನ ಕೈಯಿಂದಲೇ ಉತ್ತರ ಬರೆಸಿದ್ದಾಳೆ. ಇದಕ್ಕಿಂತ ಮುಖದ ಮೇಲೆ ಉಗುಳಬಹುದಿತ್ತು. ಬೈಯಲಿ, ಬೆದರಿಸಲಿ, ಅವನಿಗೆ ಬಗ್ಗುವುದು ಬರುತ್ತದೆ, ಸಾಹೇಬರ ಮುಂದೆ ಬಗ್ಗಿಯೇ ಬಂದವನು. ಈ ಸೌಜನ್ಯಕ್ಕೆ ಎದುರಾಗಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಿಲಿಗೆ ಬಂದು ಬೀಳ್ಕೊಡುವಾಗ ಅವಳು ತನ್ನ ಗಲ್ಲ ಮುಟ್ಟಿ ತೋರಿಸಿ, 'ರಕ್ತ' ಎಂದು ಒಂದು ಕಾಗದದ ಕರವಸ್ತ್ರ ಕೊಟ್ಟಳು. ಮೆಟ್ಟಿಲಲ್ಲಿ ಅದನ್ನು ಉಂಡೆಮಾಡಿ ಜೇಬಿಗೆ ತುರುಕಿಕೊಂಡ. ಮುದುಕಿ, ಅಂಗಡಿಯವನ ಮಗಳು, ಕಾಗದದ ಹೆಸರಿನವಳು ಎಂದು ಮನಸ್ಸಿನಲ್ಲೇ ಬೈದ. ಬೈಗುಳ ಒಂದೊಂದೂ ಮೂರನೇ ಮಹಡಿ ತಲುಪುವ ಮೊದಲೇ ತಿರುಗಿ ಅವನ ಹೆಗಲ ಮೇಲೆ ಕೂತಿತು.

ನಾಲ್ಕು ಗಂಟೆಗೆ ರುಡಾಲ್ಫನ ಹಾಲಿನಲ್ಲಿ ಒಂಬತ್ತು ಜನ ಸೇರಿದರು. ಜೆಸ್ವಿಟಾ ಕೇಕು ಕೊಯ್ದಳು. ಎಡ್ನಾ ಕ್ವಾನ್ ಬಾಗಿಲ ಹತ್ತಿರದ ಬೆತ್ತದ ಕುರ್ಚಿಯಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಸಂದರ್ಶನಕ್ಕೆ ಬಂದವಳ ಹಾಗೆ ಕೂತಿದ್ದಳು. ದ್ವಾರಕಾನಾಥ್ ಎರಡು ಕಾಗದಗಳನ್ನೂ ಓದಿದ. ತನ್ನ ಭಾಷೆ ಮೊದಲನೆಯದರಲ್ಲಿ ಎಷ್ಟು ಉಬ್ಬಿದೆ, ಎರಡನೆಯದರಲ್ಲಿ ತನ್ನ ಕೈಬರಹ ಎಷ್ಟು ನೆಟ್ಟಗಿದೆ ಎಂದು ಗಮನಿಸುತ್ತ ಓದಿದ. ಓದಿ ಮುಗಿಸಿದಾಗ ಚೇತನ್ ಬೂಟಿನ ಕಾಲು ಅಲ್ಲಾಡಿಸುತ್ತ, 'ಒಂದು ಡೌಟು. ನನಗೆ ಯಾವ ಸ್ಮೆಲ್ಲೂ ಬಂದಿಲ್ಲ. ಈ ಸ್ಟೂಲು ಗೀಲು ಎಲ್ಲಾ ಎಲ್ಲಿಂದ ಕಾಣಿಸ್ತು ಇವರಿಗೆ? ಐ ಮೀನ್, ಎಲ್ಲಿ ನಿಂತ್ಕೊಂಡು?' ಎಂದ.

ಅವನನ್ನು ಬರೀ ಬೂಟು ಎಂದುಕೊಂಡಿದ್ದದ್ದು ತಪ್ಪಾಗಿತ್ತು.

'ಹೌದಲ್ಲ ಮಾರಾಯ್ರೇ!' ರುಡಾಲ್ಫನಿಗೆ ಆಟ ಸಿಕ್ಕಿದ ಹಾಗಾಯಿತು. 'ಪತ್ತೇದಾರಿ ಮಾಡುವ. ಒಬ್ಬೊಬ್ಬರೇ ಹೇಳಿ, ನಿಮ್ಮ ಹಿಂದಿನ ಕಿಟಕಿಯಿಂದ ಎಂತ ಕಾಣ್ತದೆ? ನಾನೇ ಶುರು ಮಾಡ್ತೇನೆ. ನನಗೆ ಪೆಟ್ರೋಲ್ ಬಂಕ್ ಕಾಣ್ತದೆ, ಮತ್ತೆ ನನ್ನ ಹೊಟ್ಟೆ. ನಾಥರೇ, ಬರ್ಕೊಳ್ಳಿ, ಮಿನಿಟ್ಸಿಗೆ ಬೇಕು.' ಎಲ್ಲರೂ ನಕ್ಕರು. ದ್ವಾರಕಾನಾಥ್ ಬರೆದುಕೊಂಡ. ಚೇತನ್: ನೀರಿನ ಟ್ಯಾಂಕು. ಎರಡನೇ ಫ್ಲಾಟು: ಗೇಟು ಮತ್ತು ಅಸ್ಕಾರಿಯ ಗೂಡು. ಹನ್ನೊಂದನೆಯದು: ಜಕರಾಂಡಾ ಮರ. ಪ್ರಶ್ನೆ ಒಂದೊಂದು ಕುರ್ಚಿ ದಾಟಿ ಅವನ ಕಡೆ ಬರುತ್ತಿತ್ತು, ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಬರುವ ಹಾಗೆ. ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ಬರುತ್ತಿದ್ದ ಅನಂತಯ್ಯ ಈಗ, ಎಷ್ಟೋ ವರ್ಷದ ಮೇಲೆ, ಮುಖಸಮೇತ ಕಂಡ: ಎಡ ಹುಬ್ಬಿನ ಮೇಲೆ ಎಣ್ಣೆ ಸಿಡಿದ ಬಿಳಿ ಕಲೆ. ಒಮ್ಮೆ ಯಾರದೋ ಮದುವೆಯಲ್ಲಿ ಬಡಿಸುತ್ತ ಬಂದು, ಮಗನ ಎಲೆಯ ಮುಂದೆ, ಯಾರಿಗೂ ಕಾಣದ ಹಾಗೆ ಸೌಟನ್ನು ತಳದವರೆಗೆ ಮುಳುಗಿಸಿ ಬರೀ ಬೇಳೆಯಿದ್ದ ಸಾರು ಹಾಕಿದ್ದ. ಮಗ ತಲೆಯೆತ್ತಿರಲಿಲ್ಲ.

'ನಾಥರೇ, ನಿಮ್ಮದು? ಒಂಬತ್ತನೇ ಫ್ಲಾಟು?'

ಮೈಥಿಲಿ ಎದುರಿಗೆ ಕೂತಿದ್ದಳು, ಕೇಕಿನ ತಟ್ಟೆ ಹಿಡಿದು. ಅವಳು ಇಪ್ಪತ್ತೆಂಟು ವರ್ಷ ಹೆಡ್‌ಮಾಸ್ಟರ ಸೊಸೆಯಾಗಿ ಬಾಳಿದವಳು. ಆ ಕಿಟಕಿಯ ಗಾಜನ್ನು ವಾರಕ್ಕೊಮ್ಮೆ ಒರೆಸುವವಳು. ಅವಳು ಅವನನ್ನು ನೋಡಲಿಲ್ಲ, ತಟ್ಟೆಯನ್ನು ನೋಡಿದಳು.

'ಪೈಪು' ಎಂದ. ಧ್ವನಿ ನಡುಗಲಿಲ್ಲ. 'ನಮ್ಮ ಬಚ್ಚಲ ಕಿಟಕಿ ಪಕ್ಕದಲ್ಲಿ ಮಳೆನೀರಿನ ದಪ್ಪ ಪೈಪಿದೆ. ಅದೊಂದೇ ಕಾಣೋದು.'

ಚೇತನ್ ಹುಬ್ಬು ಗಂಟುಹಾಕಿ ಏನೋ ನೆನಪಿಸಿಕೊಳ್ಳುತ್ತಿದ್ದ. ಆಗ ಬಾಗಿಲ ಹತ್ತಿರದಿಂದ ಆ ಎಳೆದೆಳೆದ ಧ್ವನಿ ಬಂತು: 'ಹೌದು ಹೌದು, ಆ ಪೈಪು. ನನ್ನ ಬಾಲ್ಕನಿಯಿಂದ ತಲೆಯೆತ್ತಿದ್ರೆ ಅದೇ ಅಡ್ಡ. ಮಿಸ್ಟರ್ ನಾಥ್ ಕಿಟಕಿ ನನಗೆ ಕಾಣೋದೇ ಇಲ್ಲ.'

ರುಡಾಲ್ಫ್ ಕೈಚೆಲ್ಲಿದ. 'ಹಾಗಾದರೆ ಬರೆದದ್ದು ಹದ್ದೇ ಇರಬೇಕು. ಸಹಿ ಇಲ್ಲದ ಕಾಗದ, ಸೊಪ್ಪಿನ ಕೇಸು, ಬಿಡಿ ಮಾರಾಯ್ರೇ. ಎಡ್ನಾ, ನೀವು ಎಲ್ಲಿಗೂ ಹೋಗುವುದು ಬೇಡ. ಆ ಉಪ್ಪಿನಕಾಯಿ ಒಂದು ಬಾಟಲಿ ನಮಗೆ ಕೊಟ್ಟರೆ ಸಾಕು.' ಜೆಸ್ವಿಟಾ ಎದ್ದು ಹೋಗಿ ಅವಳನ್ನು ಅಪ್ಪಿಕೊಂಡಳು. ಮೊಣಕೈ ಮಾತ್ರವಲ್ಲ, ಪೂರ್ತಿ. ಮುದುಕಿಯ ಕೈಚೀಲ ಕೆಳಗೆ ಬಿತ್ತು. ಚೇತನ್ ಬಗ್ಗಿ ಎತ್ತಿಕೊಟ್ಟ. ದ್ವಾರಕಾನಾಥ್ ಬರೆದುಕೊಳ್ಳುತ್ತಲೇ ಇದ್ದ. ಮೆಟ್ಟಿಲಿಳಿಯುವಾಗ ಅವಳು ಕಂಬಿ ಹಿಡಿದು ನಿಂತು ಅವನಿಗೆ ದಾರಿ ಬಿಟ್ಟಳು. ಅವನು ಏನೋ ಹೇಳಬೇಕೆಂದು ಬಾಯಿ ತೆರೆದ. 'ಬೇಡ' ಎಂದಳು. 'ನಮ್ಮಪ್ಪ ತನ್ನನ್ನ ಉಳಿಸಿದ ಆ ದುಭಾಷೀನ ಯಾಕೆ ಬೈತಿದ್ದ ಅಂತ ಇವತ್ತು ನನಗೆ ಅರ್ಥ ಆಯ್ತು. ನೀವೂ ಬೈಕೊಳ್ಳಿ, ಪರವಾಗಿಲ್ಲ.'

ಮೀಟಿಂಗಿನ ದಿನವೇ ಸಂಜೆ ಮಿನಿಟ್ಸು ಟೈಪಾಗಿ ಲಿಫ್ಟಿನ ಪಕ್ಕದ ಬೋರ್ಡಿಗೆ ಏರಬೇಕೆಂಬ ಪದ್ಧತಿಯನ್ನು ತಂದವನು ದ್ವಾರಕಾನಾಥನೇ. ಮೈಥಿಲಿ ಅಡುಗೆಮನೆಯಲ್ಲಿ ಪ್ಯಾಶನ್ ಹಣ್ಣು ಕೊಯ್ಯುತ್ತಿದ್ದಳು, ಅವನ ಕಡೆ ಬೆನ್ನು. ಅವನು ಟೈಪು ಮಾಡಿದ. ಪೆಟ್ರೋಲ್ ಬಂಕು, ಟ್ಯಾಂಕು, ಗೇಟು, ಜಕರಾಂಡಾ. ಒಂಬತ್ತಕ್ಕೆ ಬಂದಾಗ ಬೆರಳು ನಿಂತಿತು. 'ಏನ್ರೀ, ಮುಗೀತಾ?' ಎಂದಳು ಮೈಥಿಲಿ, ತಿರುಗದೆ. 'ಇಲ್ಲ' ಎಂದ. ಆಮೇಲೆ, ಯೋಚಿಸಿದರೆ ಆಗುವುದಿಲ್ಲವೆಂದು ಗೊತ್ತಿದ್ದರಿಂದ ಯೋಚಿಸದೆ, ಟೈಪು ಮಾಡಿದ: 'ಫ್ಲಾಟ್ 9: ಬಚ್ಚಲ ಕಿಟಕಿಯಿಂದ ಫ್ಲಾಟ್ 6ರ ಹಿಂಬಾಲ್ಕನಿ ಪೂರ್ತಿಯಾಗಿ ಕಾಣುತ್ತದೆ.' ಇಂಗ್ಲಿಷಿನಲ್ಲಿ ಒಂಬತ್ತೇ ಪದ. ಮುದ್ರಿಸಿ, ಸಹಿ ಹಾಕಿ, ಕೆಳಗೆ ಹೋಗಿ ನಾಲ್ಕು ಪಿನ್ನು ಚುಚ್ಚಿ ಬಂದ. ಆದರೆ ಲಿಫ್ಟಿನಲ್ಲಿ ಮೇಲೆ ಬರುವಾಗಲೇ ತನ್ನ ಧೈರ್ಯದ ಬೆಲೆ ಹೊಳೆಯಿತು: ಈ ಕಟ್ಟಡದಲ್ಲಿ ಮಿನಿಟ್ಸು ಓದುವವರು ಯಾರೂ ಇಲ್ಲ. ಯಾರೂ ಓದದ ಜಾಗ ನೋಡಿ ನಿಜ ಹೇಳಿದ್ದಾನೆ. ಹೆಡ್‌ಮಾಸ್ಟರ ಮಗನಿಗೆ ತಕ್ಕದ್ದೇ. ಇಲ್ಲ, ಒಬ್ಬಳು ಓದುತ್ತಾಳೆ. ಪ್ರತಿ ತಿಂಗಳೂ, ಕನ್ನಡಕವನ್ನು ನೆತ್ತಿಯಿಂದ ಮೂಗಿಗಿಳಿಸಿ, ಬೋರ್ಡಿನ ಮುಂದೆ ನಿಂತು, ಮೊದಲಿಂದ ಕೊನೆಯವರೆಗೆ. ಓದಲಿ ಎಂದುಕೊಂಡ. ಬಂದು ಬಾಗಿಲು ಬಡಿಯಲಿ. ಈ ಸಲವಾದರೂ ಬೈಯಲಿ.

ಭಾನುವಾರ ಬೆಳಿಗ್ಗೆ ಪೇಪರು ತರಲು ಇಳಿದಾಗ ಬೋರ್ಡಿನ ಕಡೆ ನೋಡಿದ. ಕಾಗದ ನೆಟ್ಟಗಿತ್ತು. ಒಂಬತ್ತನೇ ಫ್ಲಾಟಿನ ಸಾಲನ್ನು ಪೆನ್ಸಿಲಿನಿಂದ ಒಂದೇ ಗೆರೆ ಎಳೆದು ಹೊಡೆದುಹಾಕಿತ್ತು. ಗೆರೆ ಸ್ವಲ್ಪ ನಡುಗಿತ್ತು. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಒಂದು ಪದ: ಪೈಪು. ಅಸ್ಕಾರಿ ಫೆಲಿಕ್ಸ್ ಗೂಡಿನಿಂದ ಎದ್ದು ಬಂದ. ಅವನು ಈಚೆಗೆ ಕೂರುತ್ತಿದ್ದ ಕುರ್ಚಿಗೆ ಆರನೇ ಫ್ಲಾಟಿನ ಹಳೆಯ ಮೆತ್ತೆಯಿತ್ತು. 'ಬಾಸ್, ಮಾಮಾ ಚರ್ಚಿಗೆ ಹೋಗೋವಾಗ ಬರೆದ್ರು. ಟೈಪು ಮಾಡೋವಾಗ ತಪ್ಪಾಗಿದೆ ಅಂದ್ರು. ಸವಾ? ಸರಿ ತಾನೇ?'

'ಸವಾ' ಎಂದ ದ್ವಾರಕಾನಾಥ್.

ಜೇಬಿನಲ್ಲಿ ಪೆನ್ನಿತ್ತು. ಗೆರೆಯ ಮೇಲೆ ಇನ್ನೊಂದು ಗೆರೆ ಎಳೆಯಬಹುದಿತ್ತು. ಫೆಲಿಕ್ಸ್ ನೋಡುತ್ತ ನಿಂತಿದ್ದ. ಲಿಫ್ಟಿನಿಂದ ಚೇತನ್ ಓಟದ ಬೂಟಿನಲ್ಲಿ ಹೊರಗೆ ಬಂದು, 'ಗುಡ್ ಮಾರ್ನಿಂಗ್ ಸರ್' ಎಂದು, ಬೋರ್ಡಿನ ಮೇಲೆ ಕಣ್ಣಾಡಿಸಿ, ತಲೆಯಾಡಿಸಿ, ಓಡಿಹೋದ. ದ್ವಾರಕಾನಾಥ್ ಪೇಪರು ತೆಗೆದುಕೊಂಡು ಮೆಟ್ಟಿಲು ಹತ್ತಿದ. ಮೈಥಿಲಿ ಇನ್ನೂ ಎದ್ದಿರಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕಿಟಕಿಯನ್ನು ಪೂರ್ತಿ ಹೊರಕ್ಕೆ ತಳ್ಳಿದ. ಕೆಳಗೆ ಬಾಲ್ಕನಿ ಖಾಲಿಯಿತ್ತು. ಸ್ಟೂಲಿರಲಿಲ್ಲ, ಕ್ಲಿಪ್ಪಿರಲಿಲ್ಲ, ದಾರವನ್ನೂ ಬಿಚ್ಚಿದ್ದಳು. ಬರೀ ಬೂದುಬಣ್ಣದ ಗೋಡೆ. ಅವನು ಆ ಗೋಡೆಯನ್ನೇ ನೋಡುತ್ತ ನಿಂತ. ಬಹಳ ಹೊತ್ತು ನಿಂತ ಮೇಲೆ ಅಲ್ಲಿಲ್ಲದ ಆ ಪೈಪು ಕಾಣಿಸಿತು: ತಾರಸಿಯಿಂದ ನೆಲದವರೆಗೆ ಇಳಿದಿತ್ತು, ದಪ್ಪಗೆ. ಹಸಿರು ಬಣ್ಣ ಬಳಿದಿದ್ದರು. ಎರಡನೇ ಮಹಡಿಯ ಹತ್ತಿರ ಒಂದು ಜೋಡಣೆ, ಜೋಡಣೆಯ ಸುತ್ತ ತುಕ್ಕು. ತುಕ್ಕಿನ ಕೆಳಗೆ ಒಂದೆಡೆ ಬಣ್ಣ ಎದ್ದು ಬಂದು ಬಿಳಿ ಕಲೆಯಾಗಿತ್ತು, ಹುಬ್ಬಿನಷ್ಟು ಅಗಲ.